ಡ್ರಿಪ್ ಲೈನ್ ಒಡೆಯದಂತೆ ವಾಲ್ವ್ ತಿರುಗಿಸುವುದು ಹೇಗೆ?

ಟೊಮೆಟೊ ಕಾಯಿ ಕಟ್ಟುವ ಹೊತ್ತಿಗೇ ಮೇನ್ ಪೈಪ್ ಒಡೆದರೆ ಹೊಟ್ಟೆ ಉರಿಯುತ್ತದೆ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಸಾವಿರ ಅಡಿ ಕೊರೆಸಿ ಎತ್ತಿದ ನೀರು ಅದು. ಒಡೆದಾಗ ಪೈಪನ್ನು ಬೈಯುತ್ತೇವೆ, ಇಲ್ಲವೇ ಸೊಲ್ಯೂಷನ್ ಹಚ್ಚಿದವರನ್ನು. ಆದರೆ ವಾಲ್ವನ್ನು ಎಷ್ಟು ಬೇಗ ಮುಚ್ಚಿದೆವು ಅನ್ನುವುದನ್ನು ಯಾರೂ ಕೇಳಿಕೊಳ್ಳುವುದಿಲ್ಲ.

ವಾಲ್ವ್ ಟಪ್ಪಂತ ಮುಚ್ಚಿದರೆ ಅದಕ್ಕೆ ಅಂಟಿಕೊಂಡ ನೀರಷ್ಟೇ ಆ ಕ್ಷಣ ನಿಲ್ಲುತ್ತದೆ. ಹಿಂದಿನ ನೀರು ಓಡಿ ಬಂದು ಅದನ್ನು ಒತ್ತುತ್ತದೆ, ಒತ್ತಡ ಏರುತ್ತದೆ, ಆಮೇಲೆ ತಾನೂ ನಿಲ್ಲುತ್ತದೆ. ಅದರ ಹಿಂದಿನದೂ ಹಾಗೆಯೇ. ಹೀಗೆ ಒತ್ತಡದ ಅಲೆಯೊಂದು ಪಂಪಿನ ಕಡೆಗೆ ಹಿಂದೆ ಓಡುತ್ತದೆ. ಪಿವಿಸಿ ಪೈಪಿನಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 300ರಿಂದ 400 ಮೀಟರ್. ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಅಷ್ಟಾಗಿ ಹಿಗ್ಗುವುದಿಲ್ಲ, ಅದರಲ್ಲಿ 1,200ಕ್ಕೂ ಜಾಸ್ತಿ.

ರಷ್ಯಾದ ವಿಜ್ಞಾನಿ ನಿಕೊಲಾಯ್ ಝುಕೊವ್‌ಸ್ಕಿ ಮಾಸ್ಕೋ ನಗರದ ನೀರಿನ ಪೈಪುಗಳಲ್ಲಿ ಪ್ರಯೋಗ ಮಾಡಿ 1898ರಲ್ಲಿ ಇದರ ಲೆಕ್ಕ ಕೊಟ್ಟರು. ಸೆಕೆಂಡಿಗೆ 1 ಮೀಟರ್ ಓಡುವ ನೀರನ್ನು ಪಿವಿಸಿಯಲ್ಲಿ ತಟ್ಟನೆ ನಿಲ್ಲಿಸಿದರೆ 3ರಿಂದ 4 ಕೆ.ಜಿ. (ಅಂದರೆ ಚದರ ಸೆಂಟಿಮೀಟರಿಗೆ ಅಷ್ಟು ಕೆ.ಜಿ.) ಒತ್ತಡ ಹೆಚ್ಚಾಗಿ ಸೇರುತ್ತದೆ. ಲೈನಿನಲ್ಲಿ ಮೊದಲೇ 3 ಕೆ.ಜಿ. ಇದ್ದರೆ? 6 ಕೆ.ಜಿ. ಒತ್ತಡಕ್ಕೆಂದು ಮಾಡಿದ ಪೈಪು ತಡೆಯುವುದು ಕಷ್ಟ ಅಲ್ವಾ!

ಗಿಡಗಳ ಸಾಲಿನುದ್ದಕ್ಕೂ ಹಾಕುವ 16 ಎಂಎಂ ಲ್ಯಾಟರಲ್ ಕೊಳವೆಗಳಿಗೆ ಈ ಭಯ ಕಡಿಮೆ. ಕೊಳವೆ ಸಣ್ಣದಾದಷ್ಟೂ ಗೋಡೆಗೆ ಉಜ್ಜಿಕೊಂಡು ಸಾಗುವ ನೀರಿನ ಪಾಲು ಜಾಸ್ತಿ, ಅಲೆಯ ಬಲ ಬೇಗ ಇಳಿಯುತ್ತದೆ. ಕೊಳವೆ ಮೆತ್ತಗಿರುವುದೂ ಅನುಕೂಲ. ಪೆಟ್ಟು ಬೀಳುವುದು ಮೇನ್ ಲೈನಿಗೆ.

ಮೊದಲು ನಿಮ್ಮ ನೀರಿನ ವೇಗ ನೋಡಿಕೊಳ್ಳಿ. ಎರಡು ಇಂಚಿನ, ಅಂದರೆ 63 ಎಂಎಂ ಪೈಪಿನ ಬಾಯಿಗೆ 10 ಲೀಟರ್ ಬಕೆಟ್ ಹಿಡಿಯಿರಿ. ನಾಲ್ಕು ಸೆಕೆಂಡಿನಲ್ಲಿ ತುಂಬಿದರೆ ವೇಗ ಹೆಚ್ಚುಕಡಿಮೆ ಸೆಕೆಂಡಿಗೆ 1 ಮೀಟರ್. ಎರಡೇ ಸೆಕೆಂಡಿನಲ್ಲಿ ತುಂಬಿದರೆ ವೇಗ ಎರಡರಷ್ಟು, ಪೆಟ್ಟೂ ಎರಡರಷ್ಟು. ಅಂಥ ಕಡೆ ಇನ್ನೂ ದೊಡ್ಡ ವ್ಯಾಸದ ಪೈಪು ಹಾಕಿಸುವುದೇ ಸರಿ.

ಇನ್ನು ವಾಲ್ವ್. 300 ಮೀಟರ್ ಲೈನಿನಲ್ಲಿ ಅಲೆ ಹೋಗಿ ವಾಪಸ್ ಬರಲು ಸುಮಾರು 2 ಸೆಕೆಂಡ್ ಬೇಕು. ಅಷ್ಟರೊಳಗೆ ಮುಚ್ಚಿದರೆ ಪೂರ್ತಿ ಪೆಟ್ಟು ಬೀಳುತ್ತದೆ. ಬಾಲ್ ವಾಲ್ವ್ ಕಾಲು ಸುತ್ತಿಗೇ ಮುಚ್ಚಿಕೊಳ್ಳುವುದರಿಂದ ಅಪಾಯ ಅಲ್ಲೇ ಜಾಸ್ತಿ. 20 ಸೆಕೆಂಡಾದರೂ ತೆಗೆದುಕೊಳ್ಳಿ. ಕೊನೆಯ ಸ್ವಲ್ಪ ಭಾಗವನ್ನು ಇನ್ನೂ ನಿಧಾನವಾಗಿ ತಿರುಗಿಸಿ, ನೀರು ನಿಜವಾಗಿ ನಿಲ್ಲುವುದು ಆಗಲೇ. ಒಂದು ಭಾಗದಿಂದ ಇನ್ನೊಂದಕ್ಕೆ ನೀರು ತಿರುಗಿಸುವಾಗ ಮುಂದಿನ ವಾಲ್ವ್ ತೆರೆದ ಮೇಲೆಯೇ ಹಿಂದಿನದನ್ನು ಮುಚ್ಚಿ.

ಮೋಟಾರ್ ಹಾಕುವಾಗಲೂ ಇದೇ ತಾಳ್ಮೆ ಬೇಕು. ಖಾಲಿ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ಗೇಟ್ ವಾಲ್ವ್ ಕಾಲು ಭಾಗ ಮಾತ್ರ ತೆರೆದು ಲೈನ್ ತುಂಬಲು ಬಿಡಿ. ಏರು ಜಾಗದಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವ್ ಇರಲಿ. ಬೆಂಡ್‌ಗಳ ಹಿಂದೆ ಕಾಂಕ್ರೀಟ್ ಆನಿಕೆ ಕೊಡಿ.

ಕರೆಂಟ್ ಹೋಗುವುದು ನಮ್ಮ ಕೈಲಿಲ್ಲ. ಆಗ ಪಂಪ್ ತಟ್ಟನೆ ನಿಂತು ನೀರು ಹಿಂದಕ್ಕೆ ನುಗ್ಗುತ್ತದೆ. ಅದು ವೇಗ ಹಿಡಿಯುವ ಮೊದಲೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇರುವ ಎನ್‌ಆರ್‌ವಿ (ನೀರನ್ನು ಹಿಂದಕ್ಕೆ ಬಿಡದ ವಾಲ್ವ್) ಹಾಕಿಸಿ. ಆಟೋ ಸ್ಟಾರ್ಟರ್ ಇದ್ದರೆ ಕರೆಂಟ್ ಬಂದ ಕೂಡಲೇ ಮೋಟಾರ್ ಓಡದಂತೆ ಟೈಮರ್ ಹೊಂದಿಸಿ, ಲೈನಿನ ನೀರು ಶಾಂತವಾಗಲು ಕೆಲವು ನಿಮಿಷ ಸಿಗಲಿ.