ವಕೀಲರ ನೋಟಿಸ್ ಬಂದಾಗ ಬರಹ ಉಳಿಸಿಕೊಂಡ ಬಗೆ

ನಾನು ಬ್ಲಾಗಿನಲ್ಲಿ ಬರೆಯುವುದು ಊರಿನ ಸಂಗತಿ. ಚರಂಡಿ, ಕೆರೆ ಒತ್ತುವರಿ, ಅಂಗಡಿ ಮಳಿಗೆ ಹರಾಜು, ಇಂಥವೇ. ಪ್ರೆಸ್ ಕಾರ್ಡ್ ಇಲ್ಲ, ತಿದ್ದಲು ಸಂಪಾದಕರಿಲ್ಲ, ಬೆನ್ನಿಗೆ ಸಂಸ್ಥೆಯ ವಕೀಲರೂ ಇಲ್ಲ. "ನಿಮಗೆಲ್ಲಾ ಪತ್ರಿಕಾ ಸ್ವಾತಂತ್ರ್ಯ ಇಲ್ಲ ಬಿಡಿ" ಅಂತ ಕೆಲವರು ಹೇಳುತ್ತಾರೆ. ಆದರೆ ಪತ್ರಿಕೆಗಳಿಗೂ ಸಂವಿಧಾನದಲ್ಲಿ ಬೇರೆ ವಿಧಿ ಇಲ್ಲ. ಅವರಿಗೂ ನನಗೂ ಇರುವುದು ಅದೇ 19(1)(ಎ), ಅಂದರೆ ಎಲ್ಲ ನಾಗರಿಕರಿಗೂ ಇರುವ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ. ಅದರ ಮಿತಿ 19(2)ರಲ್ಲಿದೆ.

ಆ 19(2)ನ್ನು ಒಮ್ಮೆ ಕೂತು ಓದಿದ್ದು ನನಗೆ ತುಂಬಾ ಉಪಯೋಗಕ್ಕೆ ಬಂತು. ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಇಷ್ಟೇ. ಯಾರಿಗೋ ಕಿರಿಕಿರಿ ಆಯಿತು ಅನ್ನುವುದು ಅದರಲ್ಲಿಲ್ಲ. ಕಿರಿಕಿರಿಗೂ ಜೈಲು ಅನ್ನುತ್ತಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಂ ಅನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದು ಮಾಡಿತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಹುಡುಗಿಯರನ್ನು ಒಂದು ಫೇಸ್‌ಬುಕ್ ಪೋಸ್ಟ್‌ಗೆ ಬಂಧಿಸಿದ್ದು ನೆನಪಿರಬಹುದು. ಶ್ರೇಯಾ ಸಿಂಘಾಲ್ ಅನ್ನುವ ಯುವತಿ ಈ ಕಲಂ ವಿರುದ್ಧ ಕೋರ್ಟಿಗೆ ಹೋಗಿದ್ದು ಆಮೇಲೆಯೇ. ರದ್ದಾದ ಮೇಲೂ ಪೊಲೀಸರು ಅದೇ ಕಲಂ ಹಾಕುತ್ತಿದ್ದರು. 2022ರಲ್ಲಿ ಕೋರ್ಟ್ ಮತ್ತೆ ಬುದ್ಧಿ ಹೇಳಬೇಕಾಯಿತು.

ನನ್ನಂಥವರಿಗೆ ನಿಜಕ್ಕೂ ತಾಗುವುದು ಮಾನಹಾನಿ. ಅದು ಸಿವಿಲ್ ಕೂಡ ಹೌದು, ಕ್ರಿಮಿನಲ್ ಕೂಡ ಹೌದು. ಮೊದಲು ಐಪಿಸಿ 499, 500 ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 356. ಎರಡು ವರ್ಷದವರೆಗೆ ಸಜೆ ಆಗಬಹುದು. ಸಿವಿಲ್ ದಾವೆಯಲ್ಲಿ ಬರೆದದ್ದು ಸತ್ಯ ಅಂತ ತೋರಿಸಿದರೆ ಸಾಕು. ಕ್ರಿಮಿನಲ್‌ನಲ್ಲಿ ಸತ್ಯ ಒಂದೇ ಸಾಲದು, ಬರೆದದ್ದು ಸಾರ್ವಜನಿಕ ಹಿತಕ್ಕೆ ಅಂತಲೂ ತೋರಿಸಬೇಕು. ಹಾಗಾಗಿ ಯಾರ ಮನೆ ಜಗಳವನ್ನೂ ನಾನು ಮುಟ್ಟುವುದಿಲ್ಲ. ಸರ್ಕಾರದ ದುಡ್ಡು ಎಲ್ಲಿದೆಯೋ ಅಲ್ಲಿ ಮಾತ್ರ ಕೈ ಹಾಕುತ್ತೇನೆ.

ಚರಂಡಿಯ ಕತೆ ಹೇಳುತ್ತೇನೆ. ನಮ್ಮ ಬೀದಿಯಲ್ಲಿ ಕಾಮಗಾರಿ ಮುಗಿದಿದೆ ಅಂತ ಬಿಲ್ ಆಗಿತ್ತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ಹತ್ತು ರೂಪಾಯಿ ಶುಲ್ಕ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ, ನೆನಪಿರಲಿ. ಕೇಳಿದ್ದು ಎಂ.ಬಿ., ಅಂದರೆ ಇಂಜಿನಿಯರ್ ಬರೆಯುವ ಅಳತೆ ಪುಸ್ತಕದ ದೃಢೀಕೃತ ನಕಲು. ಅದರಲ್ಲಿ 400 ಮೀಟರ್ ಅಂತಿತ್ತು. ನಾನೂ ಪಕ್ಕದ ಮನೆಯ ಹುಡುಗನೂ ಟೇಪ್ ಹಿಡಿದು ಅಳೆದರೆ 260 ಮೀಟರ್.

ಈಗ ಬರೆಯುವ ಮಾತು. "ಗುತ್ತಿಗೆದಾರ ದುಡ್ಡು ಹೊಡೆದ" ಅಂತ ಬರೆಯಲು ಕೈ ತುರಿಸುತ್ತದೆ. ಬರೆಯಲಿಲ್ಲ, ಯಾಕಂದ್ರೆ ಅದಕ್ಕೆ ನನ್ನ ಹತ್ತಿರ ಕಾಗದ ಇಲ್ಲ. "ಅಳತೆ ಪುಸ್ತಕದಲ್ಲಿ 400 ಮೀಟರ್ ಇದೆ, ಇಂಥ ದಿನ ನಾನು ಅಳೆದಾಗ 260 ಸಿಕ್ಕಿತು, ಉಳಿದದ್ದು ಎಲ್ಲಿ?" ಅಂತ ಬರೆದೆ. ಓದುವವನಿಗೆ ಅರ್ಥ ಆಗುತ್ತದೆ. ಟೇಪ್ ಹಿಡಿದ ಫೋಟೋ ಹಾಕಿದೆ. ಹಾಕುವ ಮುಂಚೆ ಗುತ್ತಿಗೆದಾರರಿಗೂ ಇಂಜಿನಿಯರಿಗೂ ವಾಟ್ಸಾಪ್‌ನಲ್ಲಿ ಪ್ರಶ್ನೆ ಕಳಿಸಿದ್ದೆ. ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಆ ಸ್ಕ್ರೀನ್‌ಶಾಟ್ ಎತ್ತಿಟ್ಟುಕೊಂಡೆ.

ಆಮೇಲೆ ರಿಜಿಸ್ಟರ್ ಪೋಸ್ಟಿನಲ್ಲಿ ಗುತ್ತಿಗೆದಾರರ ವಕೀಲರಿಂದ ನೋಟಿಸ್ ಬಂತು. ಏಳು ದಿನದಲ್ಲಿ ತೆಗೆಯಿರಿ, ಕ್ಷಮೆ ಕೇಳಿ, ಹತ್ತು ಲಕ್ಷ ಕೊಡಿ. ಮನೆಯಲ್ಲಿ ಎಲ್ಲರಿಗೂ ಗಾಬರಿ. ವಕೀಲರ ನೋಟಿಸ್ ಕೋರ್ಟಿನ ಆದೇಶ ಅಲ್ಲ ಅಂತ ಅವರಿಗೆ ಬಿಡಿಸಿ ಹೇಳುವುದೇ ಒಂದು ಕೆಲಸ ಆಯಿತು. ಪರಿಚಯದ ವಕೀಲರೊಬ್ಬರಿಂದ ಉತ್ತರ ಬರೆಸಿದೆ: ನಮ್ಮ ಬರಹದ ಯಾವ ವಾಕ್ಯ ಸುಳ್ಳು ಅಂತ ತೋರಿಸಿ, ದಾಖಲೆ ಇದ್ದರೆ ಕೊಡಿ, ನಿಮ್ಮ ಮಾತನ್ನೂ ಅದೇ ಜಾಗದಲ್ಲಿ ಹಾಕುತ್ತೇವೆ. ಎಂ.ಬಿ. ನಕಲು ಲಗತ್ತಿಸಿದೆವು. ಬರಹದ ಕೆಳಗೆ "ಗುತ್ತಿಗೆದಾರರು ಇದನ್ನು ನಿರಾಕರಿಸಿದ್ದಾರೆ" ಅಂತ ದಿನಾಂಕ ಸಮೇತ ಸೇರಿಸಿದೆ. ಅಷ್ಟಕ್ಕೇ ನಿಂತಿತು. ಸಿವಿಲ್ ದಾವೆ ಹೂಡಲು ಪ್ರಕಟವಾದ ದಿನದಿಂದ ಒಂದು ವರ್ಷದ ಗಡುವು. ಅದೂ ಕಳೆಯಿತು.

ಹೀಗೇ ನೋಟಿಸ್ ಬಂದ ಗೆಳೆಯರೊಬ್ಬರು ಮಾತ್ರ ಅವತ್ತೇ ರಾತ್ರಿ ಬರಹ ಅಳಿಸಿಬಿಟ್ಟರು. ಅವರನ್ನು ಬೈಯಲಾರೆ, ಕೋರ್ಟು ಅಲೆದಾಟ ಯಾರಿಗೆ ಬೇಕು? ಆದರೆ ನಾನು ಕಂಡಂತೆ ಹೆಚ್ಚಿನ ಸೆನ್ಸಾರ್ ಆಗುವುದು ಹೀಗೆಯೇ. ಸರ್ಕಾರ ಬೇಕಿಲ್ಲ, ಕೋರ್ಟೂ ಬೇಕಿಲ್ಲ. ಒಂದು ಲೆಟರ್‌ಹೆಡ್ ಸಾಕು. ಬ್ಲಾಗ್ ನಡೆಸುವ ವೆಬ್ ಕಂಪನಿಗೆ ನೋಟಿಸ್ ಕಳಿಸಿದವರು ದೂರು ಕೊಟ್ಟರೂ, ಕೋರ್ಟಿನ ಅಥವಾ ಸರ್ಕಾರದ ಆದೇಶ ಇಲ್ಲದೆ ಅದು ತೆಗೆಯಲೇಬೇಕೆಂದಿಲ್ಲ. ಅದೇ 2015ರ ತೀರ್ಪಿನಲ್ಲಿ ಇದೂ ಇದೆ. ಕಂಪನಿ ತಾನಾಗಿಯೇ ಹೆದರಿ ತೆಗೆದರೆ ಏನು ಮಾಡೋದು ಅನ್ನುವುದು ಬೇರೆ ತಲೆನೋವು.

ನನ್ನ ಈ ಕಾಗದ ಪತ್ರ ಯಾವುದೂ ಕೆಲಸಕ್ಕೆ ಬರದ ಜಾಗ ಒಂದಿದೆ. ಐಟಿ ಕಾಯ್ದೆಯ 69ಎ. ಕೇಂದ್ರ ಸರ್ಕಾರ ಇದರಡಿ ಪುಟಗಳನ್ನು ತಡೆಯಬಹುದು, 2009ರ ನಿಯಮದ ಪ್ರಕಾರ ಆ ದೂರು, ಕ್ರಮ ಎಲ್ಲ ಗೋಪ್ಯ. ಸುಪ್ರೀಂ ಕೋರ್ಟ್ ಈ ಕಲಂ ಅನ್ನು ಉಳಿಸಿತು. ಇದು ಬರುವ ಮುಂಚೆಯೂ, 2006ರ ಜುಲೈನಲ್ಲಿ, ಮುಂಬೈ ರೈಲು ಸ್ಫೋಟದ ಬೆನ್ನಲ್ಲೇ ಸರ್ಕಾರ ಕೆಲವೇ ತಾಣಗಳ ಪಟ್ಟಿ ಕೊಟ್ಟರೆ ಇಂಟರ್ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟ್ ಅನ್ನೇ ಮುಚ್ಚಿದ್ದವು. ಅಡುಗೆ ಬರೆದವರ ಪುಟವೂ ತೆರೆಯುತ್ತಿರಲಿಲ್ಲ. ಅದಕ್ಕೆ ಪ್ರತಿ ತಿಂಗಳು ಎಲ್ಲ ಬರಹವನ್ನೂ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವ್‌ಗೆ ಹಾಕುತ್ತೇನೆ, ಒಂದು ಪ್ರತಿ ತಂಗಿಯ ಮನೆಯಲ್ಲಿರುತ್ತದೆ. ತಡೆ ಬಿದ್ದರೆ ಕೇಳುವುದು ಯಾರನ್ನು ಅನ್ನುವುದಕ್ಕೆ ನಮ್ಮ ವಕೀಲರು ಕೊಟ್ಟ ಉತ್ತರ, "ಹೈಕೋರ್ಟಿಗೆ ರಿಟ್ ಹಾಕಬೇಕು, ಆದರೆ ಮೊದಲು ಆದೇಶದ ಪ್ರತಿ ಸಿಗಬೇಕಲ್ಲ."