ತಲೆ ಕೊಯ್ಸಿಕೊಂಡವರ ಜೋಡಿ ಫೋನು: ನನ್ನ ಅನುಭವ

ಎಂಆರ್‌ಐ ಮಶೀನಿನ ಗಲಾಟೆ, ಮೆದುಳಿನ ಊತ ಇಳಿಸುವ ಡೆಕ್ಸಾ ಮಾತ್ರೆ ತರುವ ಹಸಿವು, ಐಸಿಯುನಲ್ಲಿ ಗಂಟೆಗೊಮ್ಮೆ ಎಬ್ಬಿಸಿ "ಇವತ್ತು ಯಾವ ವಾರ ಹೇಳಿ" ಅನ್ನೋದು. ಇದೆಲ್ಲ ನಿಮಗೆ ಗೊತ್ತು ಅಂತ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಗೊತ್ತಿಲ್ಲದವರು ಪುಣ್ಯವಂತರು, ಓದದಿದ್ದರೂ ನಡೆಯುತ್ತದೆ. ನಾನು ಹೇಳುವುದು ತಲೆಯೊಳಗಿನ ಗಡ್ಡೆ ತೆಗೆಸಿಕೊಂಡು ಮನೆಗೆ ಬಂದ ಮೇಲಿನ ಕಥೆ, ನಮ್ಮಂಥವರು ಫೋನಿನಲ್ಲಿ ಜೋಡಿಯಾಗಿ ಎಕ್ಸರ್‌ಸೈಜ್ ಮಾಡುವ ಕಥೆ. ಹೊಲಿಗೆ ಬಿಚ್ಚಿ, ಫೈಲು ಕೈಗೆ ಕೊಟ್ಟು, "ಎಕ್ಸರ್‌ಸೈಜ್ ಮಾಡ್ತಾ ಇರಿ" ಅಂತ ಕಳಿಸುತ್ತಾರಲ್ಲ, ಅಲ್ಲಿಂದ ಮುಂದಿನದು.

ನನ್ನದು ಎಡಗಿವಿಯ ನರದ ಗಡ್ಡೆ, ಅಕೌಸ್ಟಿಕ್ ನ್ಯೂರೋಮಾ. ಕ್ಯಾನ್ಸರ್ ಅಲ್ಲ. ಮೂರು ಸೆಂಟಿಮೀಟರಿಗೆ ಸ್ವಲ್ಪ ಜಾಸ್ತಿ ಇತ್ತು. ಇದು ಕೂರುವುದು ಎಂಟನೇ ನರದ ಮೇಲೆ. ಅದಕ್ಕೆ ಅಂಟಿಕೊಂಡ ಹಾಗೆ ಹೋಗುವುದು ಏಳನೇ ನರ, ಮುಖದ್ದು. ಗಡ್ಡೆ ಬಿಡಿಸುವಾಗ ಅದಕ್ಕೂ ಪೆಟ್ಟಾಗುತ್ತದೆ. ಎಡಗಿವಿ ಪೂರ್ತಿ ಹೋಯಿತು, ಎಡ ಮುಖ ಜೋತುಬಿತ್ತು, ಎಡಗಣ್ಣು ಮುಚ್ಚಲಿಲ್ಲ, ನಡೆದರೆ ಓಲಾಟ. ನಾನು ತೀರ್ಥಹಳ್ಳಿ ಕಡೆಯ ಟೈಲರ್. ಇಪ್ಪತ್ತು ವರ್ಷದ ಮೇಲಾಯಿತು ಮಶೀನು ತುಳಿಯಲು ಶುರುಮಾಡಿ. ಕಿವಿ ಹಿಂದಿನ ಗಾಯವನ್ನು ಮೊಬೈಲಿನಲ್ಲಿ ಫೋಟೊ ತೆಗೆಸಿ ನೋಡಿ ಡಾಕ್ಟರಿಗೆ ಹೇಳಿದೆ: "ಸಾರ್, ಕೆಳಗಡೆ ಎರಡು ಹೊಲಿಗೆ ದೂರ ಬಿದ್ದಿದೆ. ನನ್ನ ಅಂಗಡಿಯಲ್ಲಾದ್ರೆ ಬಿಚ್ಚಿಸ್ತಿದ್ದೆ." ಪಾಪ, ಅವರು ನಕ್ಕರು. ನಾನೂ ನಕ್ಕೆ, ಬಲಗಡೆ ಮಾತ್ರ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜಿನ, ಅಂದರೆ ಸರ್ಕಾರ ಗೊತ್ತುಮಾಡಿದ ಚಿಕಿತ್ಸೆ ದರದ, ನೂರಕ್ಕೆ 30, ವರ್ಷಕ್ಕೆ 1.5 ಲಕ್ಷದವರೆಗೆ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ರೆಫರಲ್ ಚೀಟಿ ಹಿಡಿದುಕೊಂಡೇ ಬೆಂಗಳೂರಿಗೆ ಹೋಗಿದ್ದರಿಂದ ಆಪರೇಷನ್ ನಮ್ಮನ್ನು ಮುಳುಗಿಸಲಿಲ್ಲ. ಮುಳುಗಿಸಿದ್ದು ಆಮೇಲಿನದು. ಶಿವಮೊಗ್ಗದ ಒಂದು ಕ್ಲಿನಿಕ್ಕಿನಲ್ಲಿ ಮುಖಕ್ಕೆ ಕರೆಂಟ್ ಕೊಡಿಸಿದೆ, ಒಂದು ಸಲಕ್ಕೆ ಮುನ್ನೂರೋ ಮುನ್ನೂರೈವತ್ತೋ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ 60 ಕಿಲೋಮೀಟರ್. ಬಸ್ಸಿನ ಕಿಟಕಿ ಗಾಳಿಗೆ ಮುಚ್ಚದ ಕಣ್ಣು ಕೆಂಪಗಾಗುತ್ತಿತ್ತು, ಆಮೇಲೆ ಅದಕ್ಕೆ ಬೇರೆ ಡ್ರಾಪ್ಸು. ಹೀಗೆ ಹನ್ನೆರಡು ಹದಿಮೂರು ಸಾವಿರ ಹೋಯಿತು. ಮನೆಯಲ್ಲೇ ಕೊಡಿ ಅಂತ ಒಂದು ಪುಟ್ಟ ಮಶೀನು ಮಾರಿದರು, ಎರಡೂವರೆ ಸಾವಿರ. ಅದೀಗ ಬಟನ್ ಡಬ್ಬಿಗಳ ಹಿಂದೆ ಇದೆ. ನಾದಿನಿ ತಂದುಕೊಟ್ಟ ನಾಟಿ ಎಣ್ಣೆಗೆ ಮೂರು ಸಾವಿರ. ಎಣ್ಣೆ ಒಳ್ಳೆಯದೇ, ಈಗ ಬಾಗಿಲ ಕೀಲಿಗೆ ಬಿಡುತ್ತೇವೆ.

ಆಮೇಲೆ ಬೇರೊಬ್ಬ ಫಿಸಿಯೋ ಹುಡುಗಿ ಸಿಕ್ಕಿದಳು. ನರ ಅದರ ಪಾಡಿಗೆ ತಿಂಗಳುಗಟ್ಟಲೆ ತೆಗೆದುಕೊಂಡು ಚಿಗುರುತ್ತದೆ, ಅವಸರ ಮಾಡಬೇಡಿ ಅಂದಳು. ಕನ್ನಡಿ ಮುಂದೆ ಕೂತು ಸಣ್ಣ ಸಣ್ಣದಾಗಿ ತುಟಿ, ಕೆನ್ನೆ ಆಡಿಸಬೇಕು. ಜೋರಾಗಿ ಎಳೆದಾಡಿದರೆ ನರ ಎಲ್ಲೆಲ್ಲೋ ಹೋಗಿ ಸೇರಿ, ಬಾಯಿ ಆಡಿಸಿದಾಗ ಕಣ್ಣು ಮುಚ್ಚಿಕೊಳ್ಳುವ ಹಾಗಾಗುತ್ತದೆ. ಅವಳು ಹೇಳಿದ್ದು ಸರಿ. ಆದರೆ ಕಾಗದದಲ್ಲಿ ಬರೆದುಕೊಟ್ಟ ಎಕ್ಸರ್‌ಸೈಜನ್ನು ಒಬ್ಬಳೇ ಎಷ್ಟು ದಿನ ಮಾಡುತ್ತೀರಿ? ಮೂರು ನಾಲ್ಕು ದಿನ. ಕನ್ನಡಿಯಲ್ಲಿ ಆ ಮುಖ ನೋಡುತ್ತಾ ಕೂರುವುದು ಯಾರಿಗೆ ಬೇಕಾಗಿದೆ?

ಸಾಗರದ ಮೇಷ್ಟ್ರು ಸಿಕ್ಕಿದ್ದು ನಿಮ್ಹಾನ್ಸ್‌ನ ಓಪಿಡಿ ಸಾಲಿನಲ್ಲಿ. ಅವರಿಗೂ ಇದೇ ಗಡ್ಡೆ, ಬಲಗಡೆ. ಆಪರೇಷನ್ ಆಗಿದ್ದು ನನಗಿಂತ ಆರೇಳು ತಿಂಗಳು ಮೊದಲು. "ಎಂಥ ಸೈಜು ಮಾರಾಯ್ತಿ ನಿಂದು?" ಅಂತ ಕೇಳಿದರು. ಹೇಳಿದೆ. "ಬೆಟ್ಟೆ" ಅಂದರು. ಅಡಿಕೆ ಮಂಡಿಯ ಲೆಕ್ಕ, ಮೇಲಿನ ದರ್ಜೆಯಿಂದ ಕೆಳಕ್ಕೆ: ಸರಕು, ಬೆಟ್ಟೆ, ರಾಶಿ, ಗೊರಬಲು. ಇವತ್ತಿಗೂ ನಮ್ಮ ಫೋನಿನ ಗುಂಪಿಗೆ ಹೊಸಬರು ಬಂದರೆ ಮೊದಲು ಗ್ರೇಡ್ ಮಾಡುವುದೇ. ಭದ್ರಾವತಿಯ ಹುಡುಗನದು ಮೆನಿಂಜಿಯೋಮಾ, ಮೆದುಳಿನ ಪೊರೆಯದ್ದು. ಅದಕ್ಕೆ ಸರಕು ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ. ಅವನು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ.

ನಮ್ಮ ರೀತಿ ಇಷ್ಟೇ. ಈಗಷ್ಟೇ ಆಪರೇಷನ್ ಆದವರಿಗೆ, ಆರು ತಿಂಗಳು ಮೊದಲು ಆದವರನ್ನು ಜೋಡಿ ಹಾಕುವುದು. ಸಂಜೆ ಆರೂವರೆಗೆ ಫೋನು, ಸ್ಪೀಕರ್ ಹಾಕಿ ಇಬ್ಬರೂ ಒಟ್ಟಿಗೆ ಎಕ್ಸರ್‌ಸೈಜ್. ಗೋಡೆ ಮೇಲೆ ದೊಡ್ಡದಾಗಿ ಒಂದು 'ಅ' ಬರೆದು ಅಂಟಿಸಿ, ಕಣ್ಣು ಅದರ ಮೇಲೇ ಇಟ್ಟು ತಲೆ ಅತ್ತಿತ್ತ ಆಡಿಸುವುದು ನಿಮಗೆಲ್ಲ ಗೊತ್ತಲ್ಲ? ಎಣಿಸುವುದು ಫೋನಿನ ಆ ಕಡೆಯವರ ಕೆಲಸ. ಮೇಷ್ಟ್ರು ಒಂದು ಎರಡು ಅಂತ ಎಣಿಸುವುದೇ ಇಲ್ಲ. ಟೆಂಡರ್ ಕೂಗುತ್ತಾರೆ. "ನಲವತ್ತೇಳು ಸಾವಿರದ ನೂರು, ನಲವತ್ತೇಳು ಸಾವಿರದ ಇನ್ನೂರು..." ರೇಟು ಏರಿಸುತ್ತಾ ಹೋಗಿ, ನಾನು ತಲೆ ತಿರುಗಿ ನಿಂತರೆ, "ಬಿದ್ದೋಯ್ತು ಬೆಟ್ಟೆ!" ಅಂತ ಘೋಷಣೆ. ಈ ಒಂದು ಮಾತು ಕೇಳಬಾರದು ಅಂತಲೇ ಎಷ್ಟೋ ದಿನ ಇನ್ನೂ ಹತ್ತು ಸಲ ಜಾಸ್ತಿ ಆಡಿಸಿದ್ದೇನೆ.

ಮನೆಯವರಿಗೆ ಇದು ಹಿಡಿಸಲಿಲ್ಲ. ಮಾವನವರು, "ರೋಗದವರ ಜೊತೆ ರೋಗದ್ದೇ ಮಾತು, ಅದ್ರ ಮೇಲೆ ಕಿಸಿಕಿಸಿ ನಗು, ಒಳ್ಳೇದಲ್ಲ" ಅಂದರು. ಮೊದಲಿನ ಕ್ಲಿನಿಕ್ಕಿನವರು, "ಫೋನಿನಿಂದ ಯಾರಿಗೂ ವಾಸಿಯಾಗಿಲ್ಲ" ಅಂದರು. ನಾನು ಯಾರ ಜೊತೆಯೂ ವಾದ ಮಾಡಲಿಲ್ಲ.

ನಗುವುದಕ್ಕೂ ನಮ್ಮಲ್ಲಿ ಕಟ್ಟಳೆ ಇದೆ. ಮೊದಲು ತನ್ನ ತಲೆಯ ಮೇಲೆ ಜೋಕ್, ಆಮೇಲೆ ಬೇರೆಯವರದ್ದು. ಕೊಯ್ಸಿಕೊಳ್ಳದವರು ಜೋಕ್ ಮಾಡುವ ಹಾಗಿಲ್ಲ, ಗಂಡ ಆದರೂ ಸರಿ. ಆಪರೇಷನ್ ಆಗಿ ಒಂದು ತಿಂಗಳ ಒಳಗಿನವರನ್ನು ನಗಿಸಬಾರದು. ಕತ್ತಿನ ಹಿಂದೆ ಆಗುವ ನೋವು ಅನುಭವಿಸಿದವರಿಗೇ ಗೊತ್ತು. ಇನ್ನು ಯಾವತ್ತೂ ನಗಬಾರದ ನಾಲ್ಕು ವಿಷಯ ಇವೆ: ಜ್ವರ, ಫಿಟ್ಸ್, ವಾಂತಿ ಜೊತೆ ತಲೆನೋವು, ಮೂಗಿನಿಂದಲೋ ಗಾಯದಿಂದಲೋ ನೀರಿನ ಹಾಗೆ ಸೋರುವುದು. ಬಗ್ಗಿದಾಗ ಮೂಗಿನಿಂದ ತಿಳಿನೀರು ತೊಟ್ಟಿಕ್ಕಿ ಗಂಟಲಲ್ಲಿ ಉಪ್ಪುಪ್ಪು ಅನಿಸಿದರೆ ಅದು ನೆಗಡಿಯಲ್ಲ, ಮೆದುಳಿನ ಸುತ್ತಲಿನ ನೀರು ಇರಬಹುದು. ಅವತ್ತು ಫೋನು ಇಟ್ಟು ಸೀದಾ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಒಬ್ಬರಿಗೆ ಹೀಗಾಗಿ ಅದೇ ರಾತ್ರಿ ಕಾರು ಮಾಡಿ ಕಳಿಸಿದೆವು. ಎಂಟು ಸಾವಿರ ಆಯಿತು, ಎಲ್ಲರೂ ಸೇರಿ ಹಾಕಿದೆವು.

ಭದ್ರಾವತಿ ಹುಡುಗ ಒಂದಷ್ಟು ದಿನ ಫೋನಿನಲ್ಲಿ ಸಿಕ್ಕಾಪಟ್ಟೆ ರೇಗುತ್ತಿದ್ದ. ಅಮ್ಮನ ಮೇಲೆ ತಟ್ಟೆ ಎಸೆದನಂತೆ. ಮನೆಯವರು ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಲು ಹೊರಟಿದ್ದರು. ಫಿಟ್ಸ್ ಬರಬಾರದು ಅಂತ ಕೊಡುವ ಲೆವೆಟಿರಸೆಟಮ್ ಮಾತ್ರೆಗೆ ಕೆಲವರಿಗೆ ಹೀಗೆ ಸಿಟ್ಟು ಬರುತ್ತದೆ. ಮೇಷ್ಟ್ರಿಗೆ ಗೊತ್ತಿತ್ತು. "ಮಾತ್ರೆ ಸುಮ್ನೆ ನೀನೇ ನಿಲ್ಲಿಸ್ಬೇಡ, ಡಾಕ್ಟರ್ ಹತ್ರ ಹೇಳು" ಅಂದರು. ಮಾತ್ರೆ ಬದಲಾಯಿತು, ಹುಡುಗನೂ ಬದಲಾದ. ತಾಯತದ ದುಡ್ಡು ಉಳಿಯಿತು.

ಈಗ ದಬ್ಬೆ, ಅಂದರೆ ಸೀಳಿದ ಅಡಿಕೆ ಮರದ ವಿಷಯ. ಒಂದು ಹೆಜ್ಜೆಯ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಸಿ ಗೆರೆ ಮೇಲೆ ನಡೆಯಿರಿ ಅನ್ನುತ್ತಾರೆ. ಮನೆಯ ನೆಲದ ಮೇಲೆ ಗೆರೆ ಎಳೆದು ನಡೆದರೆ ಬೇಜಾರು, ಯಾರೂ ಮಾಡುವುದಿಲ್ಲ. ನಾನು ಅಡಿಕೆ ಮರದ ದಬ್ಬೆ ಒಂದನ್ನು ಅಂಗಳದಲ್ಲಿ ಉದ್ದಕ್ಕೆ ಹಾಕಿಸಿದೆ, ಚಪ್ಪಟೆ ಭಾಗ ಮೇಲೆ. ನೆಲದಿಂದ ಎರಡು ಬೆರಳು ಎತ್ತರ, ಬಿದ್ದರೂ ಏನಾಗಲ್ಲ. ಪಕ್ಕದಲ್ಲಿ ಹಿಡಿಯಲು ಬಟ್ಟೆ ಒಣಹಾಕುವ ಗಳ. ಮೊದಲ ವಾರ ಮೂರು ಹೆಜ್ಜೆಗೆ ಎಡಕ್ಕೆ ವಾಲಿ ದಾಸವಾಳದ ಗಿಡದೊಳಗೆ ಹೋಗುತ್ತಿದ್ದೆ. ಮಳೆಗಾಲ ಬಂದ ಮೇಲೆ ಅಂಗಳ ಪಾಚಿ ಕಟ್ಟಿತು, ದಬ್ಬೆ ಜಗಲಿಗೆ ಬಂತು. ಒಂದು ನೆನಪಿಡಿ: ಒಂದು ಕಿವಿಯ ಸಮತೋಲ ಹೋದ ಮೇಲೆ ನಾವು ನಿಲ್ಲುವುದು ಕಣ್ಣಿನ ಬಲದಿಂದ. ಕತ್ತಲಾದರೆ ಮುಗಿಯಿತು. ಆಷಾಢದ ಮಳೆಗೆ ಕರೆಂಟ್ ಹೋದ ಕೂಡಲೇ ಎಲ್ಲಿದ್ದೀರೋ ಅಲ್ಲೇ ಕೂತುಬಿಡಿ. ಬಚ್ಚಲಿಗೆ ಹೋಗುವ ದಾರಿಗೆ ನಾನು ಮೂರು ಕಡೆ ಟಾರ್ಚ್ ನೇತುಹಾಕಿದ್ದೆ. ಮುಂದಿನ ಬೇಸಿಗೆಯಲ್ಲಿ ತವರಿನ ಹಳ್ಳದ ಸಂಕ, ಅಂದರೆ ಕಾಲುಸೇತುವೆ ದಾಟಿದೆ, ಯಾರ ಕೈಯೂ ಹಿಡಿಯದೆ. ಅಡಿಕೆ ಮರದ್ದೇ ಸಂಕ, ಕೆಳಗೆ ಮೊಣಕಾಲು ನೀರು. ಮೇಷ್ಟ್ರಿಗೆ ವಿಡಿಯೋ ಕಳಿಸಿದೆ. "ಹಳ್ಳದಲ್ಲಿ ನೀರು ಕಮ್ಮಿ ಇದೆ, ಮಾರ್ಕು ಕಟ್" ಅಂದರು.

ಮುಖಕ್ಕೆ ನನ್ನ ಅಳತೆಗೋಲು ಬಚ್ಚಲೊಲೆಯ ಊದುಗೊಳವೆ. ಡಾಕ್ಟರುಗಳದ್ದು ಒಂದರಿಂದ ಆರರವರೆಗೆ ಗ್ರೇಡು ಇದೆ, ಹೌಸ್–ಬ್ರ್ಯಾಕ್‌ಮನ್ ಅಂತ; ಒಂದು ಅಂದರೆ ಸರಿಯಾದ ಮುಖ, ಆರು ಅಂದರೆ ಪೂರ್ತಿ ಬಿದ್ದದ್ದು. ನನ್ನದು ಐದರಲ್ಲಿ ಶುರುವಾಗಿ ಈಗ ಎರಡರ ಹತ್ತಿರ ಇದೆಯಂತೆ. ಅದು ಅವರಿಗೆ ತಿಳಿಯುತ್ತದೆ, ನನಗೆ ತಿಳಿಯುವುದು ಒಲೆ. ಮೊದಮೊದಲು ಊದಿದರೆ ಗಾಳಿಯೆಲ್ಲ ಎಡ ತುಟಿಯಿಂದ ಪುಸ್ ಅಂತ ಹೋಗುತ್ತಿತ್ತು. ಬೆರಳಲ್ಲಿ ತುಟಿ ಒತ್ತಿ ಹಿಡಿದು ಊದಿದರೆ ಬೂದಿ ಮಾತ್ರ ಅಲುಗಾಡುತ್ತಿತ್ತು. ಎಂಟೊಂಬತ್ತು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬೆರಳು ತೆಗೆದು ಊದಿದೆ. ಕೆಂಡದ ಒಂದು ಮೂಲೆ ಕೆಂಪಾಯಿತು. ಮತ್ತೆ ಊದಿದೆ, ಅಡಿಕೆ ಸಿಪ್ಪೆ ಹೊತ್ತಿಕೊಂಡಿತು. ಅವತ್ತು ಮನೆಯವರೆಲ್ಲ ಎರಡೆರಡು ಸಲ ಬಿಸಿನೀರು ಸ್ನಾನ ಮಾಡಬೇಕಾಯಿತು, ನಾನು ಊದುವುದು ನಿಲ್ಲಿಸಲೇ ಇಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಶಿವಮೊಗ್ಗದ ಪಾರ್ಕೊಂದರಲ್ಲಿ ಬೆಳಿಗ್ಗೆ ಸೇರಿ ಹ್ಹಹ್ಹಹ್ಹ ಅಂತ ಬೇಕಂತಲೇ ನಗುವವರ ಜೊತೆ ಎರಡು ಮೂರು ಸಲ ನಿಂತೆ. ತಲೆನೋವು ಬಂತು, ನಗು ಬರಲಿಲ್ಲ. ಬಲೂನ್ ಊದುವುದು ಮಾಡಿದೆ, ಬರೀ ಕೆನ್ನೆ ನೋವು. ಮಶೀನಿನ ಮುಂದೆ ಕೂತರೆ ಫ್ಯಾನ್ ಗಾಳಿ, ಬಟ್ಟೆ ದೂಳು ಕಣ್ಣಿಗೆ. ಮಗನ ಈಜು ಕನ್ನಡಕ ಹಾಕಿಕೊಂಡು ಹೊಲಿದೆ. ಅದು ಕೆಲಸ ಮಾಡಿತು! ಬ್ಲೌಸ್ ಅಳತೆ ಕೊಡಲು ಬಂದವರು ಬಾಗಿಲಲ್ಲೇ ನಿಂತು, "ಒಳಗೆ ನೀರು ನುಗ್ಗಿದೆಯಾ?" ಅಂತ ಕೇಳುತ್ತಿದ್ದರು. ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪು, ಇದು ತಪ್ಪಿಸುವಂತಿಲ್ಲ. ತಪ್ಪಿಸಿದರೆ ಕರಿಗುಡ್ಡೆಗೆ ಗಾಯ. ಟೇಪು ಬೆಳಗಿನ ತನಕ ಬಿಚ್ಚದೆ ನಿಲ್ಲುವ ಹಾಗೆ ಕತ್ತರಿಸುವ ಒಂದು ಅಳತೆ ಇದೆ. ಟೈಲರ್ ಕಣ್ಣಿಗೆ ಹೊಳೆದದ್ದು. ಅದನ್ನು ನಮ್ಮ ಜೋಡಿಗೆ ಬಂದವರಿಗೆ ಮಾತ್ರ ಹೇಳಿಕೊಡುವುದು. ಹಾಗೇ, ಗಂಡಸರು ಎಕ್ಸರ್‌ಸೈಜ್ ತಪ್ಪಿಸದ ಹಾಗೆ ಮಾಡುವ ಉಪಾಯವೂ ಒಂದಿದೆ. ಅದನ್ನಂತೂ ಬರೆಯುವುದಿಲ್ಲ, ಅವರೂ ಓದುತ್ತಾರೆ. ಒಂದೆಲಗದ ಬಗ್ಗೆ ಕೇಳಬೇಡಿ. ತಲೆ ಅಂದ ತಕ್ಷಣ ಊರಿನವರೆಲ್ಲ ಒಂದೆಲಗ ಕಿತ್ತು ತಂದರು. ತಂಬುಳಿ ತಿಂದು ತಿಂದು ಸಾಕಾಯಿತು. ನೆನಪಿನ ಶಕ್ತಿ ಏನೋ ಹೆಚ್ಚಿರಬೇಕು, ಯಾರ್ಯಾರು ಎಷ್ಟೆಷ್ಟು ತಂದರು ಅಂತ ಇನ್ನೂ ನೆನಪಿದೆ.

ಒಂದು ಕಿವಿಯವರ ಪಾಡು ಬೇರೆ. ಶಬ್ದ ಎಲ್ಲಿಂದ ಬಂತು ಗೊತ್ತಾಗುವುದಿಲ್ಲ. ತೋಟದ ಆ ತುದಿಯಿಂದ ಯಜಮಾನರು ಕೂಗು ಹಾಕಿದರೆ ನಾನು ಈ ತುದಿಗೆ ಹೋಗುತ್ತೇನೆ. ಒಂದು ದಿನ ಮೇಷ್ಟ್ರೂ ನಾನೂ ಶಿವಮೊಗ್ಗ ಗಾಂಧಿ ಬಜಾರಿನಲ್ಲಿ ನಡೆಯುತ್ತಿದ್ದೆವು. ಅವರು ನನ್ನ ಎಡಕ್ಕಿದ್ದರು. ಅಂದರೆ ನನ್ನ ಸತ್ತ ಕಿವಿ, ಅವರ ಸತ್ತ ಕಿವಿ ಎದುರುಬದುರು. ಬಜಾರು ಮುಗಿಯುವ ತನಕ ನಾನು ನೂಲಿನ ರೇಟಿನ ಕಥೆ ಹೇಳಿದೆ, ಅವರು ಪೆನ್ಷನ್ ಕಥೆ ಹೇಳಿದರು. ಇಬ್ಬರಿಗೂ ಬಹಳ ಸಮಾಧಾನ ಆಯಿತು.

ನಮ್ಮಲ್ಲಿ ಕೊಪ್ಪದ ಕಡೆಯವರೊಬ್ಬರ ಗಡ್ಡೆ ನಮ್ಮಂಥದ್ದಲ್ಲ, ಗ್ಲಯೋಮಾ, ಮೆದುಳಿನೊಳಗೇ ಹುಟ್ಟುವುದು. ರೇಡಿಯೇಷನ್, ಟೆಮೊಜೊಲೊಮೈಡ್ ಅನ್ನುವ ಕ್ಯಾನ್ಸರ್ ಮಾತ್ರೆ ಎರಡೂ ಆಗಿದೆ. ಅದು ಮತ್ತೆ ಬರಬಹುದು ಅಂತ ಅವರಿಗೂ ಗೊತ್ತು, ನಮಗೂ ಗೊತ್ತು. ಅವರ ಜೊತೆ ಜೋಕ್ ನಾವು ಶುರುಮಾಡುವುದಿಲ್ಲ, ಅವರು ಶುರುಮಾಡಿದರೆ ಬಿಡುವುದೂ ಇಲ್ಲ. ಕೆಲವು ಸಂಜೆ ಅವರು ಬರೀ ಕೇಳಿಸಿಕೊಳ್ಳುತ್ತಾರೆ. ಫೋನು ಇಡು ಅಂತ ನಾವು ಹೇಳುವುದಿಲ್ಲ.

ನನಗೆ ಉಳಿದಿರುವುದು ಊಟದ ಕಣ್ಣೀರು. ನರ ಚಿಗುರುವಾಗ ಜೊಲ್ಲಿಗೆ ಹೋಗಬೇಕಾದದ್ದು ಕಣ್ಣೀರಿಗೆ ಹೋಗಿ ಸೇರಿದೆ. ತುತ್ತು ಬಾಯಿಗಿಟ್ಟರೆ ಎಡಗಣ್ಣಿನಿಂದ ನೀರು. ನಾದಿನಿ ಮಗಳ ಮದುವೆಯ ಬೀಗರ ಊಟದಲ್ಲಿ ಕೋಳಿ ಸಾರು ಬಡಿಸಿದ್ದೇ ಶುರುವಾಯಿತು. ಪಕ್ಕದ ಎಲೆಯ ಅಜ್ಜಿ, "ಅಳಬೇಡವೇ, ಹುಡುಗ ಒಳ್ಳೆಯವನು" ಅಂದರು. ಇನ್ನೊಂದು ತುಂಡು ಹಾಕಿಸಿಕೊಂಡೆ, ಇನ್ನೂ ಜಾಸ್ತಿ ಬಂತು. ಆಚೆ ಪಂಕ್ತಿಯಲ್ಲೂ ಇಬ್ಬರು ಕಣ್ಣೊರೆಸಿಕೊಂಡರು. ಮಾವನವರು ಮಾತ್ರ ಕೂತಲ್ಲೇ ನಗು ತಡೆಯಲು ಒದ್ದಾಡುತ್ತಿದ್ದರು. ಕಟ್ಟಳೆ ಪ್ರಕಾರ ಅವರು ನಗುವ ಹಾಗಿಲ್ಲ, ಈ ಸಲ ಬಿಟ್ಟೆ. ಈಗ ಸಂಜೆ ಆರೂವರೆಗೆ ಫೋನು ಚಾರ್ಜಿಗೆ ಹಾಕಿಡುವುದು ಅವರೇ.

ಮುಂದಿನ ಎಂಆರ್‌ಐ ದೀಪಾವಳಿ ಕಳೆದ ಮೇಲೆ. ಮೇಷ್ಟ್ರು ಆಗಲೇ ಪಂದ್ಯ ಕಟ್ಟಿದ್ದಾರೆ. ಏನೂ ಇಲ್ಲ ಅಂತ ಬಂದರೆ ಖುಷಿಗೆ ನಾನು ಎಲ್ಲರಿಗೂ ಕಡುಬು, ಕೋಳಿ ಸಾರು ಮಾಡಬೇಕಂತೆ. ಏನಾದರೂ ಕಂಡರೆ, ಮತ್ತೆ ಆಸ್ಪತ್ರೆಗೆ ಹೋಗುವ ಮೊದಲು ಅಂತ ನಾನೇ ಮಾಡಬೇಕಂತೆ. ಲೆಕ್ಕದ ಮೇಷ್ಟ್ರು ನೋಡಿ.