54 ದೇಶ ಸುತ್ತಿಸುವ ಬದಲು ಒಂದೇ ಸಮಾಜ: ನನ್ನ ಆಫ್ರಿಕಾ ಪಾಠ

ದಕ್ಷಿಣ ಕನ್ನಡದ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಆಫ್ರಿಕಾ ಎಂದ ಕೂಡಲೇ ಮಕ್ಕಳ ಬಾಯಿಂದ ಬರುವುದು ಸಿಂಹ, ಮರುಭೂಮಿ, ಬರಗಾಲ. ಅಲ್ಲಿಯ ಜನ ನ್ಯಾಯ ತೀರ್ಮಾನಿಸುವುದು, ಆಸ್ತಿ ಹಂಚುವುದು, ಮಕ್ಕಳಿಗೆ ಹೆಸರಿಡುವುದು ಯಾವುದೂ ಗೋಡೆಯ ನಕಾಶೆಯಲ್ಲಿ ಕಾಣುವುದಿಲ್ಲ. 54 ದೇಶಗಳಿರುವ, ಭಾರತದ ಒಂಬತ್ತು ಪಟ್ಟು ದೊಡ್ಡದಾದ ಖಂಡವನ್ನು ಕೆಲವು ಪೀರಿಯಡ್‌ಗಳಲ್ಲಿ ಸುತ್ತಿಸಿ ಬಂದರೆ ರಾಜಧಾನಿಗಳ ಹೆಸರಷ್ಟೇ ಉಳಿಯುತ್ತದೆ. ಹಾಗಾಗಿ ನಾನು ಒಂದೇ ಸಮಾಜವನ್ನು ಹಿಡಿದುಕೊಳ್ಳುತ್ತೇನೆ: ಇಂದಿನ ಘಾನಾ ದೇಶದ ಅಸಾಂಟೆ ಜನ.

ಅಸಾಂಟೆಯವರನ್ನೇ ಆರಿಸಿದ್ದಕ್ಕೆ ಕಾರಣ ನಮ್ಮ ತುಳುನಾಡಿನ ಅಳಿಯಸಂತಾನ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಪದ್ಧತಿ. ಅಸಾಂಟೆಯವರಲ್ಲಿ ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಆ ಕುಲಕ್ಕೆ ಅಬುಸುವಾ ಎನ್ನುತ್ತಾರೆ. ಒಂದೇ ಅಬುಸುವಾದೊಳಗೆ ಮದುವೆಯಿಲ್ಲ, ಅಧಿಕಾರ ಸೋದರಮಾವನಿಂದ ಸೋದರಳಿಯನಿಗೆ, ಆಸ್ತಿಯೂ ಹಿಂದೆಲ್ಲ ಹಾಗೆಯೇ. ಬೇರೆ ಕಡೆಯ ಮಕ್ಕಳಿಗೆ ಇದನ್ನು ವಿವರಿಸಲು ಒಂದು ಗಂಟೆ ಬೇಕಾದೀತು. ತುಳುನಾಡಿನ ಮಕ್ಕಳಿಗೆ ಒಂದು ವಾಕ್ಯ ಸಾಕು. "ನಮ್ಮ ಬರಿಯ ಹಾಗೆಯೇ ಅಲ್ವಾ ಟೀಚರ್?" ಎಂದು ಹಿಂದಿನ ಬೆಂಚಿನವರೂ ಕೇಳುತ್ತಾರೆ. ಬರಿ ಎಂದರೆ ತುಳುವರಲ್ಲಿ ತಾಯಿಯಿಂದ ಬರುವ ಕುಲ. ಮನೆಯಲ್ಲಿ ಅಜ್ಜಿಯ ಹತ್ತಿರ ಕುಟುಂಬದ ಮನೆ, ಯಜಮಾನಿಕೆ, ಪಾಲುಪಟ್ಟಿಯ ಕತೆ ಕೇಳಿ ಬರೆದು ತರಲು ಹೇಳುತ್ತೇನೆ. ಆಮೇಲೆ ಎರಡನ್ನೂ ಹಲಗೆಯ ಮೇಲೆ ಅಕ್ಕಪಕ್ಕ ಇಡುತ್ತೇವೆ.

ಹೋಲಿಕೆ ಸಿಕ್ಕಿತೆಂದು ನಿಲ್ಲಬಾರದು, ವ್ಯತ್ಯಾಸದಲ್ಲೇ ಹೆಚ್ಚು ಕಲಿಕೆ ಇದೆ. ಅಸಾಂಟೆಯಲ್ಲಿ ಹೊಸ ರಾಜನ ಹೆಸರು ಸೂಚಿಸುವವಳು ರಾಜಮಾತೆ; ಹಿರಿಯರ ಸಭೆ ಒಪ್ಪಬೇಕು, ಕೆಟ್ಟದಾಗಿ ಆಳಿದವನನ್ನು ಪೀಠದಿಂದ ಇಳಿಸಲೂಬಹುದು. ಜನಾಂಗದ ಆತ್ಮವೇ ನೆಲೆಸಿದೆ ಎಂದು ನಂಬುವ ಚಿನ್ನದ ಪೀಠದ ಮೇಲೆ ರಾಜನೂ ಕೂರುವಂತಿಲ್ಲ. 1900ರಲ್ಲಿ ಬ್ರಿಟಿಷ್ ಗವರ್ನರ್ ಹಾಡ್ಜ್‌ಸನ್ ಅಸಾಂಟೆ ರಾಜಧಾನಿ ಕುಮಾಸಿಗೆ ಬಂದು ಆ ಪೀಠವನ್ನೇ ತನಗೆ ತಂದುಕೊಡಿ ಎಂದ. ರಾಜ ಪ್ರೆಂಪೆಯನ್ನು ಬ್ರಿಟಿಷರು ಅದಾಗಲೇ ಗಡೀಪಾರು ಮಾಡಿದ್ದರು. ಯುದ್ಧಕ್ಕೆ ನಿಂತವಳು ಎಜಿಸು ಊರಿನ ರಾಜಮಾತೆ ಯಾ ಅಸಾಂಟೆವಾ. ಸೋತಳು, ಸೇಶೆಲ್ಸ್ ದ್ವೀಪಕ್ಕೆ ಒಯ್ಯಲ್ಪಟ್ಟಳು, 1921ರಲ್ಲಿ ಅಲ್ಲೇ ತೀರಿಕೊಂಡಳು. ಪೀಠ ಮಾತ್ರ ಬ್ರಿಟಿಷರ ಕೈಗೆ ಸಿಗಲಿಲ್ಲ. ಉಳ್ಳಾಲದ ಅಬ್ಬಕ್ಕನ ಊರಿನ ಮಕ್ಕಳಿಗೆ ಈ ಪಾಠವನ್ನು ನಾನು ಮನಸ್ಸಿಟ್ಟು ಹೇಳುತ್ತೇನೆ.

'ಯಾ' ಎಂದರೆ ಗುರುವಾರ ಹುಟ್ಟಿದವಳು. ಅಸಾಂಟೆಯವರೂ ಸೇರಿರುವ ಅಕಾನ್ ಜನರಲ್ಲಿ ಎಲ್ಲರಿಗೂ ಹುಟ್ಟಿದ ವಾರದ ಹೆಸರೊಂದು ಇರುತ್ತದೆ. ಶುಕ್ರವಾರದ ಗಂಡುಮಗು ಕೋಫಿ, ಶನಿವಾರದವನು ಕ್ವಾಮೆ. ವಿಶ್ವಸಂಸ್ಥೆಯ ಕೋಫಿ ಅನ್ನಾನ್, 1957ರಲ್ಲಿ ಘಾನಾವನ್ನು ಸ್ವಾತಂತ್ರ್ಯಕ್ಕೆ ಮುನ್ನಡೆಸಿದ ಕ್ವಾಮೆ ಎನ್‌ಕ್ರೂಮಾ ಇಬ್ಬರ ಹೆಸರೂ ಹಾಗೆ ಬಂದದ್ದು. ಮಕ್ಕಳು ತಮ್ಮ ಹುಟ್ಟಿದ ವಾರ ಹುಡುಕಿ ಹೆಸರು ಬರೆದುಕೊಳ್ಳುತ್ತಾರೆ, ಕೊಠಡಿಯಲ್ಲಿ ಗದ್ದಲವೋ ಗದ್ದಲ. ಆಗ ನಮ್ಮ ಊರಿನ ಐತ, ಅಂಗಾರ, ಗುರುವ, ತುಕ್ರ, ತನಿಯ ಎಂಬ ಹೆಸರುಗಳನ್ನು ಹಲಗೆಯ ಮೇಲೆ ಬರೆಯುತ್ತೇನೆ. ಅವೂ ವಾರದ ಹೆಸರುಗಳೇ. ಆದರೆ ಇಲ್ಲಿ ಅವನ್ನು ಹೊತ್ತವರು ಹೆಚ್ಚಾಗಿ ದಲಿತ ಹಿರಿಯರು. ಅಲ್ಲಿ ರಾಜನಿಗೂ ರೈತನಿಗೂ ಒಂದೇ ಪದ್ಧತಿ. ಯಾರ ಮನೆಯಲ್ಲಿ ಇಂಥ ಹೆಸರಿದೆ ಎಂದು ನಾನು ಕೇಳುವುದಿಲ್ಲ, ಯಾವ ಶಿಕ್ಷಕರೂ ಕೇಳಬಾರದು. ಒಂದೇ ಪದ್ಧತಿ ಒಂದು ಕಡೆ ಎಲ್ಲರದ್ದಾಗಿ ಇನ್ನೊಂದು ಕಡೆ ಜಾತಿಯ ಗುರುತಾದದ್ದು ಯಾಕೆ ಎಂಬ ಪ್ರಶ್ನೆಯನ್ನಂತೂ ಬಿಡುವುದಿಲ್ಲ.

ಕೈಕೆಲಸಕ್ಕೆ ಚಿನ್ನ ತೂಗುವ ಬೊಟ್ಟುಗಳನ್ನು ಆರಿಸಿಕೊಂಡಿದ್ದೇನೆ. ಅಸಾಂಟೆ ರಾಜ್ಯದಲ್ಲಿ ಚಿನ್ನದ ಪುಡಿಯೇ ಹಣ. ಅದನ್ನು ತೂಗಲು ಹಿತ್ತಾಳೆಯಲ್ಲಿ ಮೀನು, ಮೊಸಳೆ, ಹಿಂದಿರುಗಿ ನೋಡುವ ಹಕ್ಕಿಯ ಆಕಾರದ ಪುಟ್ಟ ಬೊಟ್ಟುಗಳನ್ನು ಎರಕ ಹೊಯ್ಯುತ್ತಿದ್ದರು, ಎಷ್ಟೋ ಬೊಟ್ಟುಗಳ ಹಿಂದೆ ಒಂದು ಗಾದೆಯೇ ಇತ್ತು. ನಾವು ಜೇಡಿಮಣ್ಣಿನಲ್ಲಿ ಮಾಡುತ್ತೇವೆ, ಮಕ್ಕಳು ಒಂದೊಂದಕ್ಕೂ ಕನ್ನಡದ ಅಥವಾ ತುಳುವಿನ ಗಾದೆ ಕೂಡಿಸುತ್ತಾರೆ.

ಚಿನ್ನದ ಮಾತು ಬಂದಮೇಲೆ ಗುಲಾಮರ ಮಾತೂ ಬರಲೇಬೇಕು. ಅಸಾಂಟೆ ರಾಜ್ಯ ಯುದ್ಧದಲ್ಲಿ ಸೆರೆಸಿಕ್ಕವರನ್ನು ಕರಾವಳಿಯ ವ್ಯಾಪಾರಿಗಳಿಗೆ ಮಾರಿತು. ಪೋರ್ಚುಗೀಸರು 1482ರಲ್ಲಿ ಕಟ್ಟಲು ಶುರುಮಾಡಿದ ಎಲ್ಮಿನಾ ಕೋಟೆಯ ಕತ್ತಲೆ ಕೋಣೆಗಳಿಂದ ಜನರನ್ನು ಹಡಗಿಗೆ ತುಂಬಿದರು. ಹೊಗಳಲು ಹೊರಟ ಉತ್ಸಾಹದಲ್ಲಿ ಇದನ್ನು ಮುಚ್ಚಿಟ್ಟರೆ ಅದೂ ಸುಳ್ಳೇ.

ಚರ್ಚೆ ಬಿಸಿಯೇರುವುದು ವಸ್ತುಸಂಗ್ರಹಾಲಯದ ವಿಷಯದಲ್ಲಿ. ಬ್ರಿಟಿಷರು 1874ರಲ್ಲಿ ಕುಮಾಸಿಗೆ ನುಗ್ಗಿ ಅರಮನೆ ದೋಚಿದರು. ಲಂಡನ್ನಿನ ಎರಡು ವಸ್ತುಸಂಗ್ರಹಾಲಯಗಳು 2024ರಲ್ಲಿ 32 ಅಸಾಂಟೆ ವಸ್ತುಗಳನ್ನು ಕುಮಾಸಿಯ ಮನ್ಹಿಯಾ ಅರಮನೆಯ ಸಂಗ್ರಹಾಲಯಕ್ಕೆ ಎರವಲು ಕೊಟ್ಟವು. "ಅವರದ್ದನ್ನು ಅವರಿಗೇ ಎರವಲು ಕೊಡುವುದು ಹೇಗೆ?" ಎಂಬ ಪ್ರಶ್ನೆಗೆ ತರಗತಿ ಎರಡು ಪಾಲಾಗುತ್ತದೆ. ತೀರ್ಪು ಹೇಳುವ ಕೆಲಸ ನಾನು ಮಾಡುವುದಿಲ್ಲ.

ಇದೆಲ್ಲ ಹಳೆಯ ಕಾಲದ್ದು, ಅಲ್ಲಿಯವರು ಇನ್ನೂ ಹಾಗೆಯೇ ಇದ್ದಾರೆ ಎಂದು ಮಕ್ಕಳು ತಿಳಿಯಬಾರದಲ್ಲ. ಅದಕ್ಕೆ ಕಾನೂನು ತರುತ್ತೇನೆ. ನಮ್ಮಲ್ಲಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಳಿಯಸಂತಾನದ ಆಸ್ತಿ ಕ್ರಮವನ್ನು ಬದಲಿಸಿತು. ಘಾನಾದಲ್ಲಿ 1985ರ ಕಾನೂನು, ಉಯಿಲು ಬರೆಯದೆ ಸತ್ತವನ ಸ್ವಂತ ಗಳಿಕೆಯಲ್ಲಿ ಹೆಂಡತಿ ಮಕ್ಕಳಿಗೆ ದೊಡ್ಡ ಪಾಲು ಕೊಟ್ಟಿತು. ಕುಲದ ಜಮೀನನ್ನು ಮುಟ್ಟಲಿಲ್ಲ. ಎರಡೂ ಕಡೆ ಕುಲ ಉಳಿದಿದೆ, ಆಸ್ತಿಯ ದಾರಿ ತಿರುಗಿದೆ.

ಕೊನೆಗೆ ನೈಜೀರಿಯಾದ ಇಗ್ಬೊ ಜನರಿಗೂ ಒಂದಷ್ಟು ಸಮಯ ಇಟ್ಟುಕೊಳ್ಳುತ್ತೇನೆ. ಇಲ್ಲದಿದ್ದರೆ ಆಫ್ರಿಕಾದಲ್ಲೆಲ್ಲ ರಾಜರೇ ಆಳುತ್ತಿದ್ದರು ಎಂಬ ತಿಳಿವಳಿಕೆ ಗಟ್ಟಿಯಾಗುತ್ತದೆ. ಇಗ್ಬೊ ಹಳ್ಳಿಗಳಲ್ಲಿ ಹೆಚ್ಚಿನ ಕಡೆ ರಾಜನೇ ಇರಲಿಲ್ಲ. ಊರ ಸಭೆ, ಹಿರಿಯರು, ಒಂದೇ ವಯಸ್ಸಿನವರ ಕೂಟಗಳು ಸೇರಿ ತೀರ್ಮಾನಿಸುತ್ತಿದ್ದವು. ಬ್ರಿಟಿಷರು ಅವರ ಮೇಲೆ ತಾವೇ ಮುಖ್ಯಸ್ಥರನ್ನು ನೇಮಿಸಿದರು. ಹೆಂಗಸರಿಗೂ ತೆರಿಗೆ ಬರುತ್ತದೆ ಎಂಬ ಸುದ್ದಿ ಹಬ್ಬಿದಾಗ, 1929ರಲ್ಲಿ, ಸಾವಿರಾರು ಹೆಂಗಸರು ಆ ಮುಖ್ಯಸ್ಥರ ಮನೆಗಳ ಮುಂದೆ ನೆರೆದು ಹಾಡಿ, ಕುಣಿದು, ಅವಮಾನ ಮಾಡಿ, ಅಧಿಕಾರ ಬಿಡಿ ಎಂದರು. ಗುಂಡೇಟಿಗೆ 50ಕ್ಕೂ ಹೆಚ್ಚು ಹೆಂಗಸರು ಸತ್ತರು. ಪರೀಕ್ಷೆಗೆ ನಾನು ಕೊಡುವ ಪ್ರಶ್ನೆ ಇಷ್ಟೇ: ರಾಜನಿದ್ದ ಅಸಾಂಟೆ, ರಾಜನಿಲ್ಲದ ಇಗ್ಬೊ, ಇವೆರಡರಲ್ಲಿ ಹೆಂಗಸರ ಮಾತಿಗೆ ಬಲ ಎಲ್ಲಿಂದ ಬರುತ್ತಿತ್ತು? ಉದಾಹರಣೆ ಕೊಟ್ಟು ಬರೆದವರಿಗೆ ಪೂರ್ತಿ ಅಂಕ.